ಅಪರಾಧಿಯ ಸಮಜಾಯಿಷಿ: ಪತ್ತೇದಾರಿ ಕಥನ ಮತ್ತು ಮನಸ್ಸಿನ ಪತ್ತೆ



ಪತ್ತೇದಾರಿ ಸಾಹಿತ್ಯಕ್ಕೆ ದತ್ತಿ ಉಪನ್ಯಾಸದ ವೇದಿಕೆ ಸಿಗುವುದು ಅಪರೂಪ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ, ಬೀದಿ ಕೊನೆಯ ಬಾಡಿಗೆ ಲೈಬ್ರರಿಯಲ್ಲಿ ಅಸಂಖ್ಯ ಕನ್ನಡಿಗರಿಗೆ ಓದುವ ರುಚಿ ಹತ್ತಿಸಿದ್ದು ಇದೇ ಸಾಹಿತ್ಯ. ಆದರೂ ವಿಮರ್ಶೆಯ ಪಂಕ್ತಿಯಲ್ಲಿ ಇದಕ್ಕೆ ಎಲೆ ಹಾಕಿದವರು ಕಡಿಮೆ. ಇಂದು ಈ ವಿಷಯವನ್ನು ಆರಿಸಿದ ಸಂಘಟಕರಿಗೆ ನಾನು ಋಣಿ.

ಹೊಸದಾಗಿ ಬರೆಯಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾವ ವಿಷ ಪೋಸ್ಟ್‌ಮಾರ್ಟಮ್‌ನಲ್ಲಿ ತಪ್ಪಿಸಿಕೊಳ್ಳುತ್ತದೆ? ಮೊಬೈಲ್ ಸ್ವಿಚ್ ಆಫ್ ಆಗಿದ್ದರೂ ಟವರ್ ಲೊಕೇಶನ್ ಸಿಗುತ್ತದೆಯೇ? ಒರೆಸಿದ ರಕ್ತದ ಕಲೆ ಎಷ್ಟು ದಿನದ ಮೇಲೂ ಪತ್ತೆಯಾಗುತ್ತದೆ? ಇವೆಲ್ಲ ಬೇಕಾದ ಪ್ರಶ್ನೆಗಳೇ. ವಿಧಿವಿಜ್ಞಾನದ ಪುಸ್ತಕ ಬಿಡಿಸಿದರೆ ಉತ್ತರವೂ ಸಿಗುತ್ತದೆ. ಯಾರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಕೃತ್ಯದ ಹಿಂದಿನ ರಾತ್ರಿ ಆ ಮನುಷ್ಯ ತನಗೆ ತಾನೇ ಏನು ಹೇಳಿಕೊಂಡ? ಇಷ್ಟು ದಿನ ಮಾಡದಿದ್ದುದನ್ನು ನಾಳೆ ಮಾಡಬಹುದು ಎಂದು ಮನಸ್ಸನ್ನು ಒಪ್ಪಿಸಲು ಯಾವ ನ್ಯಾಯ ಕಟ್ಟಿಕೊಂಡ? ಅಪರಾಧಿಯ ಮನಃಶಾಸ್ತ್ರ ಎಂಬ ದೊಡ್ಡ ಹೆಸರಿನ ಶಾಸ್ತ್ರದಿಂದ ಕಥೆಗಾರನಿಗೆ ದಕ್ಕುವುದು ಮುಖ್ಯವಾಗಿ ಈ ಸಮಜಾಯಿಷಿ. ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಕನ್ನಡಕ್ಕೆ ಇದು ಹೊರಗಿನಿಂದ ಬಂದ ವಿದ್ಯೆ ಎಂದು ತಿಳಿಯಬೇಕಾಗಿಲ್ಲ. ನಮ್ಮ ಮೊದಲ ಗದ್ಯಕಥೆಗಳ ಸಂಗ್ರಹ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿ ಪಾಳುಗುಡಿಯಲ್ಲಿ ಬಿದ್ದಿರುವವನು ರಾತ್ರಿ ಸುಂದರಾಂಗನಾಗಿ ಊರನ್ನು ದೋಚುತ್ತಾನೆ. ರಾಜನ ಹಾರವೇ ಕಳುವಾಗುತ್ತದೆ. ಹಿಡಿದು ತರದಿದ್ದರೆ ತಲೆದಂಡ ಎಂದು ಊರ ಕಾವಲಿನ ತಳಾರ ಯಮದಂಡನಿಗೆ ಗಡುವು ಬೀಳುತ್ತದೆ. ಅವನು ಹಿಡಿದೂ ತರುತ್ತಾನೆ. ಬಗೆಬಗೆಯ ಚಿತ್ರಹಿಂಸೆ ಕೊಟ್ಟರೂ ಕಳ್ಳ ಒಪ್ಪಿಕೊಳ್ಳುವುದಿಲ್ಲ. ಕೊನೆಗೆ ರಾಜ ಅಭಯ ಕೊಟ್ಟಾಗ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡವನು ಯಮದಂಡನನ್ನು ಕಾಪಾಡಿ, ಆತ ನನ್ನ ಗೆಳೆಯ ಎನ್ನುತ್ತಾನೆ. ಇಬ್ಬರೂ ಬಾಲ್ಯದ ಒಡನಾಡಿಗಳು. ಆಟದ ನಡುವೆ ಮಾತಿಗೆ ಮಾತು ಬೆಳೆದು, ನೀನು ತಳಾರನಾದ ಊರಿಗೇ ಬಂದು ಕದ್ದು ನಿನ್ನನ್ನು ಪೇಚಿಗೆ ಸಿಕ್ಕಿಸುತ್ತೇನೆ ಎಂದು ಅವನು ಪಂಥ ಕಟ್ಟಿದ್ದ. ಕದ್ದದ್ದು ಹಾರಕ್ಕಾಗಿ ಅಲ್ಲ, ಗೆಳೆಯನಿಗಾಗಿ. ಸಾವಿರ ವರ್ಷದ ಹಿಂದಿನ ಈ ಕಥೆಗಾರ ಕಳ್ಳ ಯಾರು ಎಂಬುದನ್ನು ನಡುವೆಯೇ ಬಿಟ್ಟುಕೊಡುತ್ತಾನೆ. ಯಾಕೆ ಕದ್ದ ಎಂಬುದನ್ನು ಕೊನೆಯವರೆಗೆ ಕಾಪಾಡಿಕೊಳ್ಳುತ್ತಾನೆ. ಪತ್ತೇದಾರಿ ಕಥೆ ಬರೆಯುವವರೆಲ್ಲ ಗಮನಿಸಬೇಕಾದ ಕಟ್ಟೋಣ ಇದು.

ಇನ್ನೂ ಆಳಕ್ಕೆ ಇಳಿದವನು ಜನ್ನ. 1209ರ ಯಶೋಧರ ಚರಿತೆಯನ್ನು ನಾವು ಹಿಂಸೆ ಅಹಿಂಸೆಗಳ ಕಾವ್ಯವೆಂದು ಪಾಠ ಮಾಡುತ್ತೇವೆ. ಅಪರಾಧ ಕಥೆ ಬರೆಯುವವರು ಅದನ್ನು ಒಂದು ಕೊಲೆಯ ಕಡತವಾಗಿಯೂ ಓದಬೇಕು. ರಾಣಿ ಅಮೃತಮತಿ ರಾತ್ರಿಯ ಹಾಡೊಂದಕ್ಕೆ ಮನಸೋಲುತ್ತಾಳೆ. ಹಾಡಿದವನು ವಿಕಾರ ರೂಪದ ಮಾವುತ ಎಂದು ದಾಸಿ ಬಂದು ಹೇಳಿದರೂ ಹಿಂದೆಗೆಯುವುದಿಲ್ಲ. ಒಂದು ರಾತ್ರಿ ತಡವಾಗಿ ಹೋದದ್ದಕ್ಕೆ ಅವನು ಬಡಿಯುತ್ತಾನೆ. ಅವಳು ಸಹಿಸಿಕೊಂಡು ಕಾಲಿಗೆ ಬೀಳುತ್ತಾಳೆ. ಮರೆಯಲ್ಲಿ ನಿಂತು ನೋಡಿದ ಗಂಡ ಕತ್ತಿ ಎತ್ತಿ, ಮತ್ತೆ ಇಳಿಸುತ್ತಾನೆ. ಮರುದಿನ ಸರಸದ ನೆಪದಲ್ಲಿ ಆಕೆಯನ್ನು ಹೂವಿನಿಂದ ಹೊಡೆಯುತ್ತಾನೆ, ರಾತ್ರಿ ಕಂಡದ್ದು ಆಕೆಗೆ ತಟ್ಟುವಂಥ ಒಂದು ಮಾತು ಆಡುತ್ತಾನೆ. ಮಾವುತನ ಏಟಿಗೆ ಬಗ್ಗದವಳು ಹೂವಿನೇಟಿಗೆ ಕುಸಿಯುತ್ತಾಳೆ.

ಇಲ್ಲಿ ಒಂದು ಗಳಿಗೆ ನಿಲ್ಲೋಣ. ಅಮೃತಮತಿ ಗಂಡನಿಗೂ ಅತ್ತೆಗೂ ವಿಷದ ಲಡ್ಡು ತಿನ್ನಿಸುವುದು ಮೋಹ ಹುಟ್ಟಿದ ದಿನವಲ್ಲ. ಮೋಹದ ಜೊತೆ ಆಕೆ ನೆಮ್ಮದಿಯಾಗಿಯೇ ದಿನ ದೂಡುತ್ತಿದ್ದಳು. ಗಂಡನಿಗೆ ಗೊತ್ತಾಗಿದೆ ಎಂದು ಗೊತ್ತಾದ ಮೇಲೆ ವಿಷ ಬರುತ್ತದೆ. ತಪ್ಪು ಮಾಡಿದವರನ್ನು ಕೊಲೆಯವರೆಗೆ ಕೊಂಡೊಯ್ಯುವುದು ಬಹಳ ಸಲ ಬಯಕೆಗಿಂತ ಬಯಲಾಗುವ ಭಯ. ಈಗಿನ ಯಾವ ತನಿಖಾಧಿಕಾರಿಯೂ ಒಪ್ಪುವ ಈ ಮಾತನ್ನು ಜನ್ನ ಒಂದು ಹೂವಿನಲ್ಲಿ ಹೇಳಿ ಮುಗಿಸಿದ. ಅವನ ಅನಂತನಾಥ ಪುರಾಣದ ಚಂಡಶಾಸನನೂ ಇದೇ ಕುಲುಮೆಯವನು. ಗೆಳೆಯನ ಹೆಂಡತಿ ಸುನಂದೆಯನ್ನು ಕದ್ದೊಯ್ದು, ಗಂಡ ಸತ್ತನೆಂದು ನಂಬಿಸಲು ಮಾಯೆಯ ತಲೆಯನ್ನು ತೋರಿಸುತ್ತಾನೆ. ಆಕೆ ಎದೆಯೊಡೆದು ಸತ್ತಾಗ ತಾನೂ ಅವಳ ಚಿತೆಗೆ ಬೀಳುತ್ತಾನೆ. ಕವಿ ಅವನನ್ನು ಕ್ಷಮಿಸುವುದಿಲ್ಲ, ಹಾಗೆಂದು ರಾಕ್ಷಸನೆಂದು ತಳ್ಳಿಯೂ ಹಾಕುವುದಿಲ್ಲ.

ಇಂಥ ಪರಂಪರೆ ಬೆನ್ನಿಗಿದ್ದೂ ಇಪ್ಪತ್ತನೆಯ ಶತಮಾನದ ನಮ್ಮ ಪತ್ತೇದಾರಿ ಕಾದಂಬರಿ ಬೇರೆ ದಾರಿ ಹಿಡಿಯಿತು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ನೂರಾರು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಲೈಬ್ರರಿಗಳಲ್ಲಿ ಜನ ಕಾಯುತ್ತಿದ್ದರು. ಕನ್ನಡ ಚಳವಳಿಯ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಆ ತಲೆಮಾರು ಕನ್ನಡ ಓದುವ ಕೈಗಳನ್ನು ಹೆಚ್ಚಿಸಿತು; ಆ ಉಪಕಾರ ದೊಡ್ಡದು. ಆದರೆ ಆ ಕಥೆಗಳ ಬೆಳಕೆಲ್ಲ ಪತ್ತೇದಾರನ ಮೇಲೆ ಬಿತ್ತು. ಸಿಕ್ಕಿಬಿದ್ದ ಪಾತಕಿ ಕೊನೆಯ ಅಧ್ಯಾಯದಲ್ಲಿ ಒಂದೆರಡು ಪುಟ ತಪ್ಪೊಪ್ಪಿಗೆ ಹೇಳಿ ಜೈಲಿಗೆ ಹೋಗುತ್ತಿದ್ದ. ಅವನು ದುಷ್ಟನಾದ್ದರಿಂದ ಕೊಂದ, ಕೊಂದದ್ದರಿಂದ ದುಷ್ಟ. ಆ ಸುತ್ತಿನಿಂದ ಆಚೆ ಬರಬೇಕಾದ್ದು ಈಗಿನವರ ಕೆಲಸ.

ದುಷ್ಟತನವನ್ನು ಮುಖದಲ್ಲಿ, ಮೈಕಟ್ಟಿನಲ್ಲಿ, ಕುಲದಲ್ಲಿ ಹುಡುಕುವ ಚಾಳಿ ಕಾದಂಬರಿಗೆ ಮಾತ್ರ ಅಂಟಿದ್ದಲ್ಲ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹುಟ್ಟು ಅಪರಾಧಿಗಳನ್ನು ದವಡೆ, ಕಿವಿ, ತಲೆಬುರುಡೆಗಳ ಆಕಾರದಿಂದ ಗುರುತಿಸಬಹುದು ಎಂದ. ಶಾಸ್ತ್ರ ಅದನ್ನು ಎಂದೋ ಕೈಬಿಟ್ಟಿದೆ. ನಮ್ಮ ನೆಲದಲ್ಲಿ ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಘೋಷಿಸುವ ಕಾಯ್ದೆ ತಂದಿತು. ತೊಟ್ಟಿಲ ಕೂಸೂ ಕಳ್ಳರ ಪಟ್ಟಿಯ ಮನೆತನಕ್ಕೆ ಸೇರಿತು. ಹುಬ್ಬಳ್ಳಿಯಲ್ಲಿ ಈಗಲೂ ಸೆಟ್ಲಮೆಂಟ್ ಎಂದೇ ಕರೆಯುವ ಪ್ರದೇಶವಿದೆ. ಅಂಥವರನ್ನು ಬೇಲಿಯೊಳಗೆ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದ ಜಾಗ ಅದು. ಕಾಯ್ದೆ ರದ್ದಾದದ್ದು 1952ರಲ್ಲಿ. ಕೆನ್ನೆಯ ಮೇಲೆ ಗಾಯದ ಗುರುತು, ಕೆಂಗಣ್ಣು, ಅಲೆಮಾರಿ ವೇಷ ಇಷ್ಟರಿಂದ ಖಳನನ್ನು ಕಟ್ಟುವ ಲೇಖಕ ಅದೇ ಕಾಯ್ದೆಯನ್ನು ಕಥೆಯೊಳಗೆ ಮತ್ತೆ ಜಾರಿ ಮಾಡುತ್ತಿದ್ದಾನೆ. ದಯವಿಟ್ಟು ಹಾಗೆ ಬರೆಯಬೇಡಿ.

ಇದೇ ಸಂದರ್ಭದಲ್ಲಿ ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ನೆನಪಾಗುತ್ತದೆ. ಅಲ್ಲಿ ವಾಸವಿದ್ದ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಇಂಗ್ಲಿಷ್ ಕಾದಂಬರಿ ಬರೆದಿದ್ದ. ಲಂಡನ್ನಿನಲ್ಲಿ ಅದಕ್ಕೆ ಅಪಾರ ಓದುಗರು ಸಿಕ್ಕರು. ನಾಯಕ ಅಮೀರ್ ಅಲಿ ಏಳುನೂರಕ್ಕೂ ಹೆಚ್ಚು ಜನರನ್ನು ಕೊಂದವನು. ಅವನು ತನ್ನ ಕಸುಬಿನ ಬಗ್ಗೆ ಹೆಮ್ಮೆಯಿಂದ, ಶಕುನ ಮತ್ತು ದೈವದ ಅಪ್ಪಣೆಗಳ ಲೆಕ್ಕ ಒಪ್ಪಿಸುತ್ತ ಮಾತಾಡುತ್ತಾನೆ. ಠಕ್ಕರ ಬಗ್ಗೆ ಕಂಪನಿ ಸರ್ಕಾರ ಕಟ್ಟಿದ ಚಿತ್ರ ಎಷ್ಟು ನಿಜ ಎಂದು ಇತಿಹಾಸಕಾರರು ಇಂದು ಗಟ್ಟಿಯಾಗಿಯೇ ಪ್ರಶ್ನಿಸುತ್ತಾರೆ. ಆ ಎಚ್ಚರ ಇರಲೇಬೇಕು. ಆದರೆ ಕೊಲೆಗಾರನೇ ಕಥೆ ಹೇಳಿದರೆ ಓದುಗನಿಗೆ ಏನಾಗುತ್ತದೆ ಎಂಬುದನ್ನು ಟೇಲರ್ ತೋರಿಸಿದ. ಸ್ವಲ್ಪ ಹೊತ್ತಿಗೆ ನಾವು ಅವನ ಲೆಕ್ಕವನ್ನು ಒಪ್ಪತೊಡಗುತ್ತೇವೆ, ಆಮೇಲೆ ಬೆಚ್ಚುತ್ತೇವೆ.

ಇನ್ನು ನಮ್ಮ ಸುತ್ತ ನಿಜವಾಗಿ ಕೊಲೆಗಳು ಯಾಕೆ ನಡೆಯುತ್ತವೆ ಎಂದು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅದರಲ್ಲಿ 9,962ಕ್ಕೆ ಕಾರಣ ವ್ಯಾಜ್ಯ, ಜಗಳ, 3,761ಕ್ಕೆ ಹಗೆತನ, ಲಾಭಕ್ಕಾಗಿ ನಡೆದದ್ದು 1,884. ಬದುವಿನ ತಕರಾರು, ಪಾಲುಪಟ್ಟಿ, ನೀರಿನ ಸರದಿ, ಕೊಟ್ಟ ಸಾಲ, ಕುಡಿದಾಗ ಆಡಿದ ಮಾತು, ಇವು ನಮ್ಮ ಕೊಲೆಗಳ ತವರು. ಕಾದಂಬರಿಗಳಲ್ಲಿ ಕಾಣುವ, ಒಗಟು ಕಳಿಸಿ ಪೊಲೀಸರನ್ನು ಆಟವಾಡಿಸುವ ಮಹಾಬುದ್ಧಿಯ ಸರಣಿ ಹಂತಕ ಈ ಲೆಕ್ಕದಲ್ಲಿ ಸಿಗುವುದು ಬಹಳ ಅಪರೂಪ. ಅವನನ್ನು ಬರೆಯಬೇಡಿ ಎನ್ನುವುದಿಲ್ಲ. ಆದರೆ ಅಣ್ಣ ತಮ್ಮಂದಿರ ನಡುವಿನ ಮೂರಡಿ ಬದು ಅವನಿಗಿಂತ ಹೆಚ್ಚು ರಹಸ್ಯಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ.

ಸಮಜಾಯಿಷಿಯ ಮಾತಿಗೆ ಬರುತ್ತೇನೆ. 1957ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಗ್ರೆಶಾಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜ ದಾರಿತಪ್ಪಿದ ಹುಡುಗರ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ತಪ್ಪು ಮಾಡುವವರು ಸರಿತಪ್ಪುಗಳನ್ನು ಅರಿಯದವರಲ್ಲ. ಆ ಅರಿವಿನ ಬಾಯಿಯನ್ನು ಸ್ವಲ್ಪ ಹೊತ್ತು ಮುಚ್ಚಿಸುವ ವಾದಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳುತ್ತಾರೆ ಎಂಬುದು ಅದರ ತಿರುಳು. ಅವರು ಗುರುತಿಸಿದ ಐದು ವಾದಗಳನ್ನು ನಮ್ಮ ಹಟ್ಟಿ ಮೊಹಲ್ಲಾಗಳ ಮಾತಿನಲ್ಲೇ ಕೇಳಿಸಿಕೊಳ್ಳಬಹುದು. ನನ್ನ ಕೈಲೇನಿತ್ತು, ಟೈಮು ಹಂಗಿತ್ತು. ಅವರಿಗೇನು ಕಡಿಮೆ, ಹೋದರೆ ಹೋಯ್ತು. ಅವನಿಗೆ ಹಂಗೇ ಆಗಬೇಕಿತ್ತು ಬಿಡಿ. ನನಗೆ ಹೇಳೋಕೆ ಬಂದ್ರಲ್ಲ, ಅವರೇನು ಸಾಚಾನಾ? ನಾನೇನು ನನಗೋಸ್ಕರ ಮಾಡಿದ್ನಾ, ಮನೆ ಮಾನಕ್ಕೋಸ್ಕರ ಮಾಡಿದ್ದು.

ಕೊನೆಯದು ನಮ್ಮಲ್ಲಿ ಎಷ್ಟು ಭೀಕರ ಎಂದು ನಿಮಗೆ ಗೊತ್ತಿದೆ. ಬೇರೆ ಜಾತಿಯವನನ್ನು ಮದುವೆಯಾದಳೆಂದು ಹೆತ್ತ ಮಗಳನ್ನೇ ಕೊಂದ ಅಪ್ಪ ತನ್ನನ್ನು ಕೊಲೆಗಾರನೆಂದು ಕರೆದುಕೊಳ್ಳುವುದಿಲ್ಲ. ಎಷ್ಟೋ ಸಲ ಅವನೇ ಸ್ಟೇಷನ್ನಿಗೆ ನಡೆದು ಹೋಗುತ್ತಾನೆ. ಪತ್ತೆ ಮಾಡಲು ಅಲ್ಲಿ ಏನೂ ಉಳಿದಿಲ್ಲ ಎಂದು ಪತ್ತೇದಾರಿ ಲೇಖಕ ಆ ಕಡೆ ಹೋಗುವುದೇ ಇಲ್ಲ. ಪತ್ತೆಯಾಗಬೇಕಾದ್ದು ಅಲ್ಲೇ ಇದೆ. ಮಗಳನ್ನು ಸೈಕಲ್ ಮೇಲೆ ಸ್ಕೂಲಿಗೆ ಬಿಟ್ಟವನು ಆ ಗಳಿಗೆಗೆ ಬಂದದ್ದು ಹೇಗೆ? ದಾರಿಯಲ್ಲಿ ಅವನಿಗೆ ಮಾತು ಕೊಟ್ಟವರು ಯಾರು? ಹೋಟೆಲಿನಲ್ಲಿ ಚಹಾ ಕುಡಿಯುತ್ತ ಏನಪ್ಪಾ, ಮಗಳ ವಿಷಯ ಹಿಂಗಂತೆ ಎಂದು ಕೆಣಕಿದವರ ಹೆಸರು ಯಾವ ದೋಷಾರೋಪ ಪಟ್ಟಿಯಲ್ಲೂ ಬರುವುದಿಲ್ಲ. ಕಾದಂಬರಿಯಲ್ಲಿ ಬರಬಹುದು, ಬರಬೇಕು.

ಇನ್ನೊಬ್ಬ ಅಮೆರಿಕನ್ ವಿದ್ವಾಂಸ ಡೊನಾಲ್ಡ್ ಕ್ರೆಸ್ಸಿ. ನಂಬಿಕೆಯ ಹುದ್ದೆಯಲ್ಲಿದ್ದು ಹಣ ನುಂಗಿ ಜೈಲು ಸೇರಿದವರನ್ನು ಮಾತಾಡಿಸಿ 1953ರಲ್ಲಿ ಪುಸ್ತಕ ಬರೆದ. ಯಾರ ಬಳಿಯೂ ಹೇಳಿಕೊಳ್ಳಲಾಗದ ಹಣದ ಕಷ್ಟ, ಕೈಗೆಟಕುವ ಹಣ, ಜೊತೆಗೆ ಇದು ಕಳವಲ್ಲ ಸಾಲ ಎಂಬ ಸಮಾಧಾನ, ಈ ಮೂರೂ ಕೂಡಿದಾಗ ಪ್ರಾಮಾಣಿಕನೂ ಕೈಹಾಕುತ್ತಾನೆ ಎಂದ. ಇದನ್ನು ನಮ್ಮ ಊರಿನ ಕಥೆಯಾಗಿ ಬೆಳೆಸಿ ನೋಡೋಣ.

ಪಿಗ್ಮಿ ಠೇವಣಿ ನಮ್ಮ ಕರಾವಳಿಯ ಕೊಡುಗೆ, ಉಡುಪಿಯಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕು 1928ರಲ್ಲಿ ಶುರುಮಾಡಿದ್ದು. ಒಬ್ಬ ಪಿಗ್ಮಿ ಕಲೆಕ್ಟರ್‌ನನ್ನು ಕಲ್ಪಿಸಿಕೊಳ್ಳಿ. ಹೆಗಲಿಗೆ ಚೀಲ, ಕೈಯಲ್ಲಿ ರಸೀದಿ ಮೆಷಿನ್, ಸಂಜೆಯಾದರೆ ಅಂಗಡಿಯಿಂದ ಅಂಗಡಿಗೆ. ಆನ್‌ಲೈನ್ ರಮ್ಮಿಯಲ್ಲಿ ಕಳೆದುಕೊಂಡದ್ದನ್ನು ಹೆಂಡತಿಗೂ ಹೇಳಿಲ್ಲ. ಒಂದು ಶುಕ್ರವಾರ ಐನೂರು ರೂಪಾಯಿ ಚೀಲದಿಂದ ಜೇಬಿಗೆ ಬರುತ್ತದೆ. ಸೋಮವಾರ ಕಟ್ಟಿಬಿಡ್ತೀನಿ ಅಂದುಕೊಳ್ಳುತ್ತಾನೆ, ನಿಜವಾಗಿಯೂ ಕಟ್ಟುತ್ತಾನೆ. ಈ ಕಟ್ಟುವಿಕೆಯನ್ನು ಬರೆಯಲು ಮರೆಯಬೇಡಿ. ತಾನು ಕಳ್ಳನಲ್ಲ ಎಂದು ಅವನಿಗೆ ಸಾಬೀತಾದದ್ದು ಆ ಸೋಮವಾರ. ಮುಂದಿನ ಸಲದ ಐದು ಸಾವಿರಕ್ಕೆ ಧೈರ್ಯ ಕೊಟ್ಟದ್ದೂ ಅದೇ. ಒಂದು ವರ್ಷದ ಮೇಲೆ, ಬಸ್‌ಸ್ಟ್ಯಾಂಡಿನ ಬಳಿ ಹೂ ಮಾರುವ ಅಜ್ಜಿ, ಬಿಸ್ಕತ್ ಡಬ್ಬಿಯಲ್ಲಿ ರಸೀದಿಗಳನ್ನೆಲ್ಲ ತುಂಬಿಟ್ಟುಕೊಂಡವಳು, ಮೊಮ್ಮಗಳ ಕೈಲಿ ಕೂಡಿಸಿ ನೋಡಿ ಅವನಿಗೇ ಹೇಳುತ್ತಾಳೆ: "ಲೆಕ್ಕ ಎಲ್ಲೋ ತಪ್ಪೈತೆ ಕಣಪ್ಪಾ. ನೀನು ಪಾಪ ಓಡಾಡ್ತೀಯ. ನಾನೇ ಸೋಮವಾರ ಬ್ಯಾಂಕಿಗೆ ಹೋಗಿ ಕೇಳ್ಕೊಂಡು ಬತ್ತೀನಿ."

ಅವಳು ಅನುಮಾನಪಟ್ಟಿಲ್ಲ. ಅವನ ಶ್ರಮ ಉಳಿಸಲು ನೋಡುತ್ತಿದ್ದಾಳೆ. ಆ ರಾತ್ರಿ ಅವನ ತಲೆಯಲ್ಲಿ ಕೊಲೆ ಎಂಬ ಮಾತು ಒಮ್ಮೆಯೂ ಹುಟ್ಟಬಾರದು. ಅಜ್ಜಿ ಸೋಮವಾರ ಬ್ಯಾಂಕಿಗೆ ಬರಬಾರದು, ಅಷ್ಟೇ ಇರಬೇಕು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ, ನೋಡಿಕೊಳ್ಳುವವರಿಲ್ಲ ಎಂಬ ಮರುಕದ ಮಾತುಗಳು ಒಂದೊಂದಾಗಿ ಬರಬೇಕು. ಅಪರಾಧಿ ಎದುರಿಗಿರುವವರ ಬಗ್ಗೆ ಮರುಕಪಡಲು ಶುರುಮಾಡಿದ ಅಂದರೆ ಆಪತ್ತು ಹತ್ತಿರ ಬಂತು. ಆಮೇಲೆ ಅವನು ಅಜ್ಜಿಯ ಮಣ್ಣಿಗೆ ಹೋಗುತ್ತಾನೆ, ಚಟ್ಟದ ಖರ್ಚು ಕೊಡುತ್ತಾನೆ, ಅಳುತ್ತಾನೆ. ಆ ಅಳು ನಟನೆಯೇ ಎಂದು ಓದುಗ ಕೇಳಿಕೊಂಡರೆ ಲೇಖಕ ಉತ್ತರ ಕೊಡಬೇಕಿಲ್ಲ. ನಟನೆ, ದುಃಖ ಎರಡೂ ಒಟ್ಟಿಗೆ ಇರಬಲ್ಲವು. ಇಂಥ ಕಥೆಯಲ್ಲಿ ಕೊಂದವನು ಯಾರೆಂದು ಮೊದಲ ಪುಟದಲ್ಲೇ ಹೇಳಿದರೂ ಕುತೂಹಲ ಇಳಿಯುವುದಿಲ್ಲ. ದಾಸ್ತೊಯೆವ್‌ಸ್ಕಿಯ ಅಪರಾಧ ಮತ್ತು ಶಿಕ್ಷೆ 1866ರಿಂದ ಇದನ್ನೇ ಸಾಬೀತು ಮಾಡುತ್ತ ಬಂದಿದೆ. ಅಸಾಮಾನ್ಯರಿಗೆ ಕೊಲ್ಲುವ ಹಕ್ಕಿದೆ ಎಂದು ಅದರ ನಾಯಕ ರಸ್ಕೋಲ್ನಿಕೋವ್ ಬರೆದ ಲೇಖನವೇ ಅವನ ಸಮಜಾಯಿಷಿ. ತನಿಖಾಧಿಕಾರಿ ಪೊರ್ಫಿರಿ ಹುಡುಕುವುದು ಕೊಡಲಿಯನ್ನಲ್ಲ, ಆ ಲೇಖನ ಯಾವಾಗ ಒಳಗಿಂದ ಕುಸಿಯುತ್ತದೆ ಎಂದು ಕಾಯುತ್ತಾನೆ.

ಕನ್ನಡದ ಈಚಿನ ಉದಾಹರಣೆ ಬೇಕೆಂದರೆ ವಿವೇಕ ಶಾನಭಾಗರ ಘಾಚರ್ ಘೋಚರ್ ಓದಿ. ಅದನ್ನು ಯಾರೂ ಪತ್ತೇದಾರಿ ಕಪಾಟಿನಲ್ಲಿ ಇಡುವುದಿಲ್ಲ. ಹಣ ಬಂದ ಮನೆಯೊಂದು, ಆ ಹಣ ತರುವ ಚಿಕ್ಕಪ್ಪನನ್ನು ಕಾಪಾಡಲು ಏನೆಲ್ಲವನ್ನು ಕಂಡೂ ಕಾಣದಂತಿರಬಲ್ಲದು ಎಂಬುದನ್ನು ಆ ಪುಟ್ಟ ಕಾದಂಬರಿ ತೋರಿಸುತ್ತದೆ. ಹೆಣ ಬೀಳದೆಯೇ ಕೊನೆಯಲ್ಲಿ ಮೈ ನಡುಗುತ್ತದೆ. ನನ್ನ ದೃಷ್ಟಿಯಲ್ಲಿ ಇತ್ತೀಚಿನ ಕನ್ನಡದ ಅತ್ಯುತ್ತಮ ಅಪರಾಧ ಕಥನ ಅದು.

ಅಪರಾಧಿಯ ಮನಸ್ಸನ್ನಷ್ಟೇ ಬಗೆದರೆ ಸಾಲದು, ಬಲಿಯಾದವರ ಕಡೆಗೂ ನೋಡಬೇಕು. ದಕ್ಷಿಣ ಕನ್ನಡದಲ್ಲಿ ಶಿಕ್ಷಕನಾಗಿದ್ದ ಮೋಹನ್ ಕುಮಾರ್, ಪತ್ರಿಕೆಗಳು ಸಯನೈಡ್ ಮೋಹನ್ ಎಂದು ಕರೆದವನು, 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳನ್ನು ಕೊಂದ. ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ. ಹೆಸರು ಬದಲಿಸಿ, ಸರ್ಕಾರಿ ನೌಕರ ಎಂದು ನಂಬಿಸಿ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಬೇರೆ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆ ಕೋಣೆಯಲ್ಲೇ ಬಿಚ್ಚಿಡಿಸಿ ಬಸ್‌ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದ ಮಾತ್ರೆಯೆಂದು ಸಯನೈಡ್ ಕೊಟ್ಟು, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಗುರುತು ಸಿಗದ ಹೆಣ್ಣು, ಮೈಮೇಲೆ ಗಾಯವಿಲ್ಲ. ಬೇರೆ ಬೇರೆ ಊರುಗಳ ಸ್ಟೇಷನ್ನುಗಳಲ್ಲಿ ಅಸಹಜ ಸಾವು ಎಂದು ಕಡತ ಮುಚ್ಚುತ್ತ ಹೋಯಿತು. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬ ಯುವತಿ ಕಾಣೆಯಾಗಿ ಊರವರು ಪಟ್ಟುಹಿಡಿದ ಮೇಲೆ, ಫೋನ್ ಕರೆಗಳ ಜಾಡು ಹಿಡಿದು ಪೊಲೀಸರು ಅವನನ್ನು ತಲುಪಿದರು.

ಈ ಪ್ರಕರಣದ ಮೇಲೆ ಬರೆಯ ಹೊರಟವರು ಅವನ ಕಣ್ಣಿನಲ್ಲಿ ಕ್ರೌರ್ಯ ಹುಡುಕುತ್ತಾರೆ. ಅವನಿಗೆ ಗೊತ್ತಿದ್ದದ್ದನ್ನು ನೋಡಿ. ಮದುವೆಯ ವಯಸ್ಸು ಮೀರುತ್ತಿರುವ ಬಡಮನೆಯ ಹೆಣ್ಣು ವರದಕ್ಷಿಣೆ ಬೇಡ ಎಂಬ ಒಂದು ಮಾತಿಗೆ ಎಷ್ಟು ಹಂಬಲಿಸಿರುತ್ತಾಳೆ ಎಂದು ಗೊತ್ತಿತ್ತು. ಮಗಳು ಓಡಿಹೋದಳೆಂದು ಮನೆಯವರು ನಾಚಿಕೆಯಿಂದ ದೂರು ಕೊಡುವುದಿಲ್ಲ ಎಂದು ಗೊತ್ತಿತ್ತು. ಮದುವೆಗೆ ಮೊದಲಿನ ಮಾತ್ರೆಯನ್ನು ಹುಡುಗಿ ಯಾರನ್ನೂ ಕೇಳದೆ, ಬಚ್ಚಿಟ್ಟುಕೊಂಡೇ ನುಂಗುತ್ತಾಳೆ ಎಂದೂ ಗೊತ್ತಿತ್ತು. ಅವನ ಆಯುಧ ಸಯನೈಡ್ ಒಂದೇ ಅಲ್ಲ, ನಮ್ಮ ಮರ್ಯಾದೆಯ ಕಟ್ಟಳೆಗಳೂ ಹೌದು. ಆ 20 ಮಂದಿಯಲ್ಲಿ ಒಬ್ಬೊಬ್ಬಳೂ ಬಸ್ ಹತ್ತುವ ಮುನ್ನ ಯಾವ ಸೀರೆ ಆರಿಸಿಕೊಂಡಳು, ತಂಗಿಗೆ ಏನು ಹೇಳಿ ಹೊರಟಳು ಎಂದು ಯೋಚಿಸದ ಲೇಖಕ ಈ ಕಥೆ ಮುಟ್ಟಬಾರದು. ಹಂತಕನ ಹೆಸರು ಎಲ್ಲರಿಗೂ ಬಾಯಿಪಾಠ, ಸತ್ತವರು ಬರೀ ಒಂದು ಸಂಖ್ಯೆ ಎಂಬುದು ನಮ್ಮ ಸುದ್ದಿವಾಹಿನಿಗಳ ಪಾಪ. ಕಾದಂಬರಿಕಾರ ಅದರಲ್ಲಿ ಪಾಲುದಾರನಾಗಬೇಕಿಲ್ಲ.

ತಪ್ಪೊಪ್ಪಿಗೆಯ ಬಗ್ಗೆ ಒಂದು ಮಾತು. ಸ್ಟೇಷನ್ನಿನ ಸ್ವಖುಷಿ ಹೇಳಿಕೆಗಳನ್ನು ಓದಿದವರಿಗೆ ಗೊತ್ತು, ಕೂಲಿಯವನಾಗಲಿ ಲೆಕ್ಚರರ್ ಆಗಲಿ ಎಲ್ಲರೂ ಅಲ್ಲಿ ಒಂದೇ ಭಾಷೆಯಲ್ಲಿ ಮಾತಾಡುತ್ತಾರೆ; ಬರೆದದ್ದು ಸ್ಟೇಷನ್ ರೈಟರ್. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ; ಅದರಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದ ಭಾಗ ಮಾತ್ರ ನಿಲ್ಲುತ್ತದೆ. ಆದ್ದರಿಂದಲೇ ಆರೋಪಿ ತೋರಿಸಿದ ಪೊದೆಯಿಂದ ಮಚ್ಚು ತೆಗೆಯುವಾಗ ಪಂಚರನ್ನು ನಿಲ್ಲಿಸಿ ಮಹಜರು ಬರೆಯುವುದು. ಮಂಪರು ಪರೀಕ್ಷೆಯಿಂದ ಕಥೆ ಮುಗಿಸುವವರಿಗೂ ಒಂದು ನೆನಪು: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಸಂವಿಧಾನಬಾಹಿರ ಎಂದಿದೆ. ಮನಸ್ಸಿನ ಬಾಗಿಲು ಸೂಜಿಮದ್ದಿನಿಂದ ತೆರೆಯುವಂಥದ್ದಲ್ಲ. 1968ರಲ್ಲಿ ಮುಂಬೈಯಲ್ಲಿ ಸಿಕ್ಕಿಬಿದ್ದ ಸರಣಿ ಹಂತಕ ರಾಮನ್ ರಾಘವ್ ಏನು ಕೇಳಿದರೂ ಬಾಯಿ ಬಿಡಲಿಲ್ಲ. ನಿನಗೇನು ಬೇಕು ಎಂದು ಕೇಳಿದಾಗ ಕೋಳಿ ಸಾರು ಕೇಳಿದ. ಹೊಟ್ಟೆತುಂಬ ತಿಂದು, ತಲೆಗೆ ಎಣ್ಣೆ, ಬಾಚಣಿಗೆ, ಕನ್ನಡಿ ಕೇಳಿ ಪಡೆದು, ಆಮೇಲೆ ತಾನೇ ಎಲ್ಲವನ್ನೂ ಹೇಳಿದ, ಬಚ್ಚಿಟ್ಟ ಕಬ್ಬಿಣದ ಸಲಾಕೆಯನ್ನೂ ತೋರಿಸಿದ.

ರಾಘವ್‌ಗೆ ತೀವ್ರ ಸ್ಕಿಜೋಫ್ರೇನಿಯಾ ಇದೆಯೆಂದು ಮನೋವೈದ್ಯರ ಮಂಡಳಿ ಹೇಳಿ, ಮರಣದಂಡನೆ ಜೀವಾವಧಿಯಾಯಿತು. ಆದರೆ ಇದು ಅಪವಾದ. ಕೊಲೆಗಾರನಿಗೆ ಕಾರಣ ಹೊಳೆಯದಿದ್ದಾಗ ಹುಚ್ಚನ್ನು ತಂದು ಅಂಟಿಸುವುದು ಲೇಖಕನ ಸೋಮಾರಿತನ. ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವುದಿಲ್ಲ, ಹಿಂಸೆಗೆ ಬಲಿಯಾಗುವುದೇ ಹೆಚ್ಚು. ಕಾಯಿಲೆಗೂ ಕಾನೂನಿನ ಬುದ್ಧಿವಿಕಲ್ಪಕ್ಕೂ ವ್ಯತ್ಯಾಸವಿದೆ. ತಾನು ಮಾಡುವುದೇನು, ಅದು ತಪ್ಪೇ ಎಂದು ಆ ಗಳಿಗೆಯಲ್ಲಿ ಅರಿಯಲಾರದ ಸ್ಥಿತಿಯಿತ್ತೇ ಎಂಬುದಷ್ಟೇ ನ್ಯಾಯಾಲಯದ ಪ್ರಶ್ನೆ. ಹಿಂದೆ ದಂಡಸಂಹಿತೆಯ 84ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಅದನ್ನು ಹೇಳುತ್ತದೆ.

ಚೆಸ್ಟರ್‌ಟನ್ನನ ಪಾದ್ರಿ ಪತ್ತೇದಾರ ಫಾದರ್ ಬ್ರೌನ್ ತನ್ನ ಗುಟ್ಟು ಕೇಳಿದವರಿಗೆ, ಆ ಕೊಲೆಗಳನ್ನೆಲ್ಲ ನಾನೇ ಮಾಡಿದೆ ಎನ್ನುತ್ತಾನೆ. ಕೊಲೆಗಾರನಿಗೆ ಅನ್ನಿಸಿದ್ದು ತನಗೂ ಅನ್ನಿಸುವವರೆಗೆ ಯೋಚಿಸುತ್ತ ಹೋದೆ ಎಂಬ ಅರ್ಥದಲ್ಲಿ. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಅದು ಕೋಣೆಯೊಳಗೆ ಕೂತು ಮಾತ್ರ ಬರುವಂಥದ್ದೂ ಅಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳು ಇಂದು ಯಾರಿಗೂ ಉಚಿತವಾಗಿ ಸಿಗುತ್ತವೆ. ಅಪೀಲಿನ ಒಂದು ತೀರ್ಪು ಓದಿದರೆ ಒಂದು ಕುಟುಂಬದ ಇಪ್ಪತ್ತು ವರ್ಷ ಕಣ್ಣಮುಂದೆ ಬರುತ್ತದೆ. ನಿಮ್ಮ ಜಿಲ್ಲೆಯ ಸೆಷನ್ಸ್ ಕೋರ್ಟಿಗೂ ಹೋಗಿ. ಅತ್ಯಾಚಾರದಂಥ ಪ್ರಕರಣಗಳನ್ನು ಬಿಟ್ಟರೆ ವಿಚಾರಣೆ ಸಾರ್ವಜನಿಕರಿಗೆ ತೆರೆದಿರುತ್ತದೆ, ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂರಬಹುದು. ಸಾಕ್ಷಿಕಟ್ಟೆಯಲ್ಲಿ ನಿಂತು ಪ್ರತಿಕೂಲ ನುಡಿಯುವ ಅಣ್ಣನ ಕೈಬೆರಳುಗಳನ್ನು ನೋಡಿ. ಆರೋಪಿಗೆ ಊಟದ ಡಬ್ಬಿ ತಂದು ಕಾರಿಡಾರಿನಲ್ಲಿ ಕಾಯುವ ತಾಯಿಯನ್ನು ನೋಡಿ, ಅದೇ ಕಾರಿಡಾರಿನ ಇನ್ನೊಂದು ಕೊನೆಯಲ್ಲಿ ಸತ್ತವನ ತಾಯಿಯೂ ಕೂತಿರುತ್ತಾಳೆ, ಅವಳನ್ನೂ ನೋಡಿ. ಮುಂದಿನ ಕಾದಂಬರಿ ಶುರುಮಾಡುವ ಮೊದಲು ಇಷ್ಟು ಮಾಡಿ ಎಂದು ಇಲ್ಲಿರುವ ಎಳೆಯ ಬರಹಗಾರರನ್ನು ಕೇಳಿಕೊಳ್ಳುತ್ತೇನೆ.